ಮೂರು ಕಣ್ಣಿನ ಕಡ್ಡಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಮಂಜುಳ ಬಂದು ನನ್ನ ಪನ್ನೀರು ಗುಲಾಬಿಯ ಒಂದು ಕಡ್ಡಿ ಕೇಳಿದಳು. ಶಾಲೆಯಲ್ಲಿ ಮೇಷ್ಟ್ರು ಕೆಲಸ ಮಾಡುವ ಹುಡುಗಿ. ಅವಳಿಗೆ ಹನೂರಿನ ಶಾಲೆಗೆ ವರ್ಗವಾಗಿದೆ, ನಾಳಿದ್ದು ಸಾಮಾನು ಸಾಗಿಸುತ್ತಾಳೆ. ಹೂವು ಕೇಳಿದರೆ ನಾನು ಯಾರಿಗೂ ಇಲ್ಲವೆನ್ನುವವಳಲ್ಲ. ಕಡ್ಡಿ ಕೇಳಿದರೆ ಮಾತ್ರ ನನಗೆ ಎಲ್ಲಿಲ್ಲದ ಬಿಗುಮಾನ ಬಂದುಬಿಡುತ್ತದೆ. "ಮಳೆ ಹಿಡೀಲಿ, ನೋಡೋಣ" ಎಂದೆ. ಅದು ನಾನು ಎಲ್ಲರಿಗೂ ಹೇಳುವ ಮಾತು. ಮಳೆ ಹಿಡಿಯುತ್ತದೆ, ಬಿಡುತ್ತದೆ, ಕೇಳಿದವರು ಮರೆಯುತ್ತಾರೆ, ನಾನು ನೆನಪಿಸುವುದಿಲ್ಲ.

ಆದರೆ ಈ ಹುಡುಗಿ ಕದಲಲಿಲ್ಲ. ಸರಿ, ಸಾಗಹಾಕೋಣವೆಂದು ಗಿಡದ ಮೂಲೆಯಲ್ಲಿ ಒಣಗಿ ನಿಂತಂತೆ ಕಂಡ ಒಂದು ಕಡ್ಡಿಯನ್ನೇ ಆರಿಸಿ ಚಾಕು ಹಾಕಿದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದು ಬದುಕಬಾರದು ಎಂದೇ ನನ್ನ ಲೆಕ್ಕ. ಕತ್ತರಿಸಿದರೆ ಒಳಗೆ ಹಸಿರು! ಎಳೆ ಸೌತೆಕಾಯಿ ಮುರಿದಾಗ ಬರುವಂಥ, ಕೊಂಚ ಒಗರಾದ ವಾಸನೆ ಮೂಗಿಗೆ ಬಡಿಯಿತು. ಕಡ್ಡಿ ನೆಟ್ಟು ಗೊತ್ತಿರುವವರಿಗೆ ಆ ವಾಸನೆ ಗೊತ್ತು. ನನಗಂತೂ ಅದರ ಹಿಂದೆಯೇ ಸೋಪಿನ ನೀರಿನ ವಾಸನೆಯೂ ಬರುತ್ತದೆ. ಯಾಕೆ ಅಂತ ಹೇಳುತ್ತೇನೆ. ಮಂಜುಳಳಿಗೆ ಸಂಜೆ ಬಾ ಎಂದು ಹೇಳಿ ಕಳಿಸಿದ್ದೇನೆ, ಅಲ್ಲಿಯವರೆಗೆ ಬೇಕಾದಷ್ಟು ಹೊತ್ತಿದೆ.

ನಾನು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದಾಗ ಗಡಿ ಇನ್ನೂ ಇತ್ತು. ನಮ್ಮ ಯಳಂದೂರು ಮೈಸೂರು ಸೀಮೆ, ಕೊಳ್ಳೇಗಾಲ ಮದರಾಸು ಸೀಮೆ. ಬೆಳಿಗ್ಗೆ ಗಾಡಿ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವಷ್ಟು ದೂರ, ಅಷ್ಟಕ್ಕೇ ನಾನು ಪರದೇಶದವಳಾಗಿದ್ದೆ. ಹುಳಿಗೆ ಬೆಲ್ಲ ಹಾಕಿದರೂ "ಮೈಸೂರ್ ಸೀಮೆಯೋಳು", ಹಾಕದಿದ್ದರೂ "ಮೈಸೂರ್ ಸೀಮೆಯೋಳು". ಹೇಳುತ್ತಿದ್ದವರು ನಮ್ಮ ಅತ್ತೆ. ಹೇಳಿ ತಾವೇ ನಗುತ್ತಿದ್ದರು, ಹಾಗಾಗಿ ನನಗೆ ನೋವಾಗುತ್ತಿರಲಿಲ್ಲ.

ಅದು ರೇಷ್ಮೆ ಸೀರೆ ನೇಯುವ ಮನೆ. ನಮ್ಮ ತವರಿನಲ್ಲಿ ಮಗ್ಗ ಬಿಟ್ಟು ಎರಡು ತಲೆಮಾರಾಗಿತ್ತು, ಅಪ್ಪ ಮೇಷ್ಟರು. ನನಗೆ ಉದ್ದನೂಲಿನ ಹಾಸು ಯಾವುದು, ಅಡ್ಡನೂಲಿನ ಹೊಕ್ಕು ಯಾವುದು ಎಂಬುದೂ ತಿಳಿಯದು. ಮಾವ ಮತ್ತು ನಮ್ಮನೆಯವರು ನಡುಮನೆಯ ಗುಂಡಿ ಮಗ್ಗದಲ್ಲಿ ಕುಳಿತರೆ ಊಟಕ್ಕಷ್ಟೇ ಏಳುತ್ತಿದ್ದರು. ಹಿತ್ತಲಿನ ಒಲೆಯಲ್ಲಿ ಅತ್ತೆ ರೇಷ್ಮೆಯನ್ನು ಸೋಪು, ಸೋಡದ ನೀರಿನಲ್ಲಿ ಬೇಯಿಸಿ, ಅಂಟು ಬಿಡಿಸಿ, ಬಣ್ಣ ಕಟ್ಟಿ, ಲಡಿಗಳನ್ನು ಬಿದಿರ ಗಳಕ್ಕೆ ಹಾಕಿ ಒಣಗಿಸುತ್ತಿದ್ದರು. ಲಡಿ ಅಂದರೆ ನೂಲಿನ ದೊಡ್ಡ ಸುರುಳಿ. ಒಣಗುತ್ತಿರುವ ಲಡಿಗಳನ್ನು ಆಗಾಗ ತಿರುವಿ ಹಾಕುವುದು ಹೊಸ ಸೊಸೆಗೆ ಕೊಟ್ಟ ಮೊದಲ ಕೆಲಸ.

ಗಳದ ಮೂಡಲ ತುದಿಯಲ್ಲಿ ಒಂದು ಪನ್ನೀರು ಗುಲಾಬಿ ಗಿಡವಿತ್ತು. ಆಳೆತ್ತರ, ಮೈತುಂಬ ಮುಳ್ಳು. ಅತ್ತೆ ಮದುವೆಯಾಗಿ ಸತ್ತೇಗಾಲದಿಂದ ಬರುವಾಗ ಅವರಪ್ಪ ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟ ಕಡ್ಡಿಯಂತೆ ಅದು. ಆಮೇಲೆ ಅವರಪ್ಪ ಹೋದರು, ಅವ್ವ ಹೋದರು, ಅಣ್ಣತಮ್ಮಂದಿರು ಯಾರೂ ಇಲ್ಲ, ಮನೆಯೂ ಬೇರೆಯವರ ಪಾಲಾಯಿತು. ಗೌರಿ ಹಬ್ಬಕ್ಕೆ ಕರೆಯಲು ಯಾರೂ ಬರುತ್ತಿರಲಿಲ್ಲ. ಅತ್ತೆಗೆ ತವರು ಅಂತ ಉಳಿದದ್ದು ಆ ಗಿಡವೊಂದೇ. ಬೆಳಗಾದರೆ ಎರಡು ಹೂವು ಕೀಳುತ್ತಿದ್ದರು, ಒಂದು ದೇವರಿಗೆ, ಒಂದು ತಮಗೆ. ದೇವರ ಹೂವಿಗಿಂತ ತಮ್ಮದೇ ಕೊಂಚ ದೊಡ್ಡದಿರುತ್ತಿತ್ತು ಎಂದು ನನಗೆ ಈಗಲೂ ಅನುಮಾನ.

ಇಷ್ಟು ತಿಳಿದ ಮೇಲೆ ನನ್ನ ಘನಕಾರ್ಯ ಕೇಳಿ. ವೈಶಾಖದ ಒಂದು ಮಧ್ಯಾಹ್ನ, ಕುಂಕುಮ ಬಣ್ಣದ ಲಡಿಗಳು ಒಣಗುತ್ತಿದ್ದವು. ಯಾರದೋ ಧಾರೆ ಸೀರೆಗೆ ಬೇಕಾದ ನೂಲು. ತಿರುವಿ ಹಾಕುವಾಗ ಒಂದು ಲಡಿಗೆ ಜಾಗ ಸಾಲದೆ ಗಳದ ಮೂಡಲ ತುದಿಗೆ ಹಾಕಿ ಒಳಗೆ ಹೋದೆ. ಪಡುವಲಿಂದ ಗಾಳಿ ಎದ್ದಿತು. ನಾನು ಹೊರಗೆ ಬರುವ ಹೊತ್ತಿಗೆ ಲಡಿ ಗುಲಾಬಿ ಗಿಡವನ್ನು ತಬ್ಬಿಕೊಂಡಿತ್ತು. ಅತ್ತೆಯನ್ನು ಕೂಗಬೇಕಿತ್ತು. ಕೂಗದೆ ನಾನೇ ಎಳೆದೆ. ಎಳೆದಷ್ಟೂ ಮುಳ್ಳು ಒಂದೊಂದೇ ಎಳೆಯನ್ನು ಹಿಡಿದುಕೊಂಡಿತು. ಕೊನೆಗೆ ನನ್ನ ಕೈಗೆ ಬಂದದ್ದು ಲಡಿಯಲ್ಲ, ಕೆಂಪು ಸಿಕ್ಕಿನ ಗಂಟು.

ಅದನ್ನು ಬಿಡಿಸಲು ಅತ್ತೆಗೆ ಮೂರು ದಿನ ಹಿಡಿಯಿತು. ಬಿಡಿಸಿದರೂ ಅದು ಸೀರೆಗೆ ಬರಲಿಲ್ಲ. ಮದುವೆಯಾಗಿ ಮೂರು ತಿಂಗಳಾಗದ ಸೊಸೆಯನ್ನು ಬೈಯುವಂತಿಲ್ಲವಲ್ಲ, ಮಾವ ಗಿಡದ ಮೇಲೆ ತಿರುಗಿದರು.

"ರೇಸ್ಮೆ ಮನೇಲಿ ಮುಳ್ಳಿನ್ ಗಿಡ ಯಾಕಮ್ಮಿ ಬೇಕು?" ಎಂದರು ಅತ್ತೆಗೆ. "ಆಸಾಡ ಕಳೀಲಿ. ಸ್ರಾವಣಕ್ಕೆ ಅದು ಅಲ್ಲಿರ್ಬಾರ್ದು ಅಷ್ಟೆ."

ಅತ್ತೆ ಮಾರನೆಯ ಬೆಳಿಗ್ಗೆ ಒಂದೇ ಹೂವು ಕಿತ್ತರು, ದೇವರಿಗೆ. ಅವರ ಬರೀ ತುರುಬು ನೋಡಿ ನನಗೆ ಅನ್ನ ಇಳಿಯಲಿಲ್ಲ. ತಪ್ಪು ನನ್ನದು, ತವರು ಹೋಗುವುದು ಅವರದು. ಬುಡಸಮೇತ ಕಿತ್ತು ಬೇರೆ ಕಡೆ ನೆಡೋಣವೆಂದರೆ ಅಷ್ಟು ಹಳೆಯ ಗಿಡ ಬದುಕುವುದಿಲ್ಲ ಎಂದು ಎಲ್ಲರೂ ಹೇಳಿದರು. ಶ್ರಾವಣದೊಳಗೆ ಕಡ್ಡಿಯಿಂದ ಒಂದು ಗಿಡವನ್ನಾದರೂ ಮಾಡಿ ಅತ್ತೆಯ ಕೈಗೆ ಕೊಡಬೇಕು, ಇಲ್ಲದಿದ್ದರೆ ಈ ಮನೆಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ ಎಂದುಕೊಂಡೆ.

ಹುಮ್ಮಸ್ಸೇನೋ ಇತ್ತು, ವಿದ್ಯೆ ಇರಲಿಲ್ಲ. ಹನ್ನೆರಡು ಕಡ್ಡಿ ಕತ್ತರಿಸಿ ಬಚ್ಚಲ ಹಿಂದೆ ಸಾಲಾಗಿ ಚುಚ್ಚಿದೆ. ನೀರು? ಹಿತ್ತಲಿನಲ್ಲಿ ರೇಷ್ಮೆ ಬೇಯಿಸಿದ ನೀರು ದಿನಾ ಕೊಪ್ಪರಿಗೆಗಟ್ಟಲೆ ಉಳಿಯುತ್ತಿತ್ತು. ಗಂಜಿಯ ಹಾಗೆ ಮಂದವಾಗಿ, ಬೆಳ್ಳಗೆ, ನೊರೆನೊರೆಯಾಗಿ. ಇಷ್ಟು ಸಾರವಾದ ನೀರನ್ನು ಚರಂಡಿಗೆ ಚೆಲ್ಲುತ್ತಾರಲ್ಲ ಎಂದು ಮರುಗಿ, ತಣಿಸಿ, ಕಡ್ಡಿಗಳಿಗೆ ಹೊಯ್ದೆ. ಐದೇ ದಿನಕ್ಕೆ ಹನ್ನೆರಡೂ ಕಪ್ಪಗಾದವು. ನಾನು ಸಾರ ಸಾಲಲಿಲ್ಲವೆಂದು ಇನ್ನಷ್ಟು ಹೊಯ್ದೆ.

ಆಗ ನನ್ನ ಕೈ ಹಿಡಿದವಳು ಮೊಸರಿನ ಸಿದ್ದಮ್ಮ. ಮುಳ್ಳೂರಿನವಳು. ದಿನ ಬಿಟ್ಟು ದಿನ ಗಡಿಗೆ ಹೊತ್ತು ನಮ್ಮ ಬೀದಿಗೆ ಬರುತ್ತಿದ್ದಳು. ಊರಲ್ಲಿ ಅವಳಿಗೆ ಒಂದಿಷ್ಟು ಹಿಪ್ಪುನೇರಳೆ ತೋಟವಿತ್ತು, ಪ್ರತಿ ಮಳೆಗಾಲ ಸಾವಿರಗಟ್ಟಲೆ ಕಡ್ಡಿ ಊರಿದ ಕೈ. ಮುಳ್ಳಿನ ಗಿಡ ಬೆಳೆಸುವುದನ್ನು ಮುಳ್ಳೂರಿನವಳಿಂದಲೇ ಕಲಿಯಬೇಕೆಂದು ನನ್ನ ಹಣೆಯಲ್ಲಿ ಬರೆದಿತ್ತೇನೋ. ಅವಳು ಬಚ್ಚಲ ಹಿಂದಕ್ಕೆ ಬಂದು ಒಂದು ಕಡ್ಡಿ ಕಿತ್ತು ಮೂಸಿ ನೋಡಿದಳು.

"ಅಯ್ಯೋ ನನ್ನವ್ವ, ಸೋಪ್ನೀರ್ ಉಯ್ದಿದ್ದೀರಾ? ಇದು ಗಿಡ ಕಣವ್ವ, ಬಟ್ಟೆಯಲ್ಲ!"

ನಕ್ಕು ನಕ್ಕು ಸುಸ್ತಾಗಿ, ಗಡಿಗೆ ಪಕ್ಕಕ್ಕಿಟ್ಟು ಕುಳಿತಳು. ಆಮೇಲೆ ಪಾಠ ಹೇಳಿದಳು. ತೀರ ಎಳೆಯದು ಕೊಳೆಯುತ್ತದೆ, ತೀರ ಬಲಿತದ್ದು ಒಣಗುತ್ತದೆ, ಒಮ್ಮೆ ಹೂ ಬಿಟ್ಟ ಕಿರುಬೆರಳ ಗಾತ್ರದ ಕಡ್ಡಿಯೇ ಆಗಬೇಕು. ಬುಡಕ್ಕೆ ಓರೆಯಾಗಿ, ಕಣ್ಣಿನ ಕೆಳಗೇ ಕೊಯ್ಯಬೇಕು. ತಲೆಯ ಗಾಯಕ್ಕೆ ಸಗಣಿ ಮೆತ್ತಬೇಕು. ಕಣ್ಣು ಎಂದರೆ ಏನೆಂದು ನಾನು ಕೇಳಿದೆ. ಎಲೆಯ ಬುಡದಲ್ಲಿ ಚಿಗುರು ಒಡೆಯುವ ಗುಬುಟು ತೋರಿಸಿದಳು.

"ಒಂದ್ ಕಡ್ಡೀಗೆ ಮೂರ್ ಕಣ್ಣಿರ್ಬೇಕು. ಒಂದು ಮಣ್ಣೊಳಗೆ ಬೇರ್ ನೋಡ್ಕತದೆ. ಒಂದು ಮ್ಯಾಲೆ ಬಿಸ್ಲು ನೋಡ್ಕತದೆ. ನಡೂಕಿಂದು ಇವೆರಡ್ರಲ್ಲಿ ಯಾವ್ದಾರ ಸತ್ರೆ ಅಂತ ಕಾಯ್ಕಂಡು ಕೂತಿರ್ತದೆ. ಕಣ್ಣು ಮ್ಯಾಕ್ ನೋಡ್ಬೇಕು ಕಣವ್ವ, ತಲೆಕೆಳಗ್ ಮಾಡಿ ಊರ್ಬುಟ್ಟೀರಿ ಮತ್ತೆ!"

ಕುಂಡ ಎಲ್ಲಿಂದ ತರುವುದು? ತೆಂಗಿನ ಕರಟ ಸಾಕು ಎಂದಳು, ಕಣ್ಣಿರುವ ಹೋಳು. ಮೂರರಲ್ಲಿ ಮೆತ್ತಗಿರುವ ಕಣ್ಣನ್ನು ಚುಚ್ಚಿ ತೂತು ಮಾಡಿ, ಮರಳು, ಕೆಮ್ಮಣ್ಣು, ಹಳೆಯ ಗೊಬ್ಬರದ ಪುಡಿ ತುಂಬಿದರೆ ಹೆಚ್ಚಾದ ನೀರು ಆ ಕಣ್ಣಿನಿಂದ ಇಳಿದುಹೋಗುತ್ತದೆ. ಕಡ್ಡಿಗೂ ಕಣ್ಣು, ಕರಟಕ್ಕೂ ಕಣ್ಣು. ಕಣ್ಣಿಲ್ಲದೆ ಓಡಾಡುತ್ತಿದ್ದವಳು ನಾನೊಬ್ಬಳೇ ಎನ್ನಿಸಿತು.

ಈ ಸಲ ಒಂಬತ್ತು ಕಡ್ಡಿ. ಎಲ್ಲವನ್ನೂ ಹೇಳಿದ ಹಾಗೆಯೇ ಮಾಡಿದೆ. ಎಂಟನೆಯ ದಿನಕ್ಕೆ ಒಂದರಲ್ಲಿ ಕೆಂಪು ಚಿಗುರು ಇಣುಕಿತು. ನಾನು ಕುಣಿದಾಡಿದೆ. ಎರಡು ವಾರ ಕಳೆಯುವಷ್ಟರಲ್ಲಿ ಚಿಗುರೆಲ್ಲ ಜೋತುಬಿದ್ದು, ಒಂಬತ್ತೂ ಒಣಗಿದವು. ಸೋಪು ಇಲ್ಲ, ಬಿಸಿಲು ಇಲ್ಲ, ಇರುವೆ ಇಲ್ಲ. ಏನಾಯಿತು?

ಏನಾಯಿತೆಂದು ಹೇಳಬೇಕಾದರೆ ಇನ್ನೊಂದು ವಿಷಯಕ್ಕೆ ಹೋಗಬೇಕು. ಆ ದಿನಗಳಲ್ಲೇ ಅತ್ತೆ ನನಗೆ ರಾಟೆ ಕಲಿಸುತ್ತಿದ್ದರು. ನೂಲು ಸುತ್ತುವಾಗ ಎಳೆ ಕಡಿಯುತ್ತದೆ. ಕಡಿದ ಎರಡು ತುದಿ ಸೇರಿಸಿ ಬೆರಳಲ್ಲೇ ಗಂಟು ಹೊಸೆದು, ಮುಂದೆ ಸುತ್ತುವ ಮೊದಲು ಮೆಲ್ಲಗೆ ಒಮ್ಮೆ ಎಳೆದು ನೋಡಬೇಕು. ಗಂಟು ನಿಂತರೆ ಸರಿ, ಜಾರಿದರೆ ಮತ್ತೆ. "ಎಳ್ದು ನೋಡ್ದೆ ನಂಬ್ಬೇಡ" ಎಂಬುದು ಅತ್ತೆಯ ಮೊದಲ ಪಾಠ. ನಾನು ಎಷ್ಟು ಶ್ರದ್ಧೆಯಿಂದ ಕಲಿತೆನೆಂದರೆ ಬಾಗಿಲ ಚಿಲಕ, ರವಿಕೆಯ ಗುಂಡಿ, ಹಸುವಿನ ಹಗ್ಗ, ಕಂಡದ್ದನ್ನೆಲ್ಲ ಒಮ್ಮೆ ಎಳೆದು ನೋಡಿಯೇ ಮುಂದೆ ಹೋಗುತ್ತಿದ್ದೆ. ಹೀಗಿರುವಾಗ ಕಡ್ಡಿಗಳನ್ನು ಬಿಟ್ಟೇನೆಯೇ? ದಿನಾ ಬೆಳಿಗ್ಗೆ ಒಂಬತ್ತನ್ನೂ ಹಿಡಿದು, ಬೇರು ಹಿಡಿಯಿತೋ ಇಲ್ಲವೋ ಎಂದು ಮೆಲ್ಲಗೆ ಒಂದೊಂದು ಸಲ ಎಳೆಯುತ್ತಿದ್ದೆ.

ಒಂದು ಬೆಳಿಗ್ಗೆ, ಒಣಗಿದ ಒಂಬತ್ತನ್ನೂ ಇನ್ನೂ ಎಳೆಯುತ್ತಿದ್ದಾಗ, ಅತ್ತೆ ಬೂದಿ ಚೆಲ್ಲಲು ಬಂದವರು ನೋಡಿದರು. ಬೂದಿಯ ಮೊರ ಹಿಡಿದೇ ನಿಂತುಬಿಟ್ಟರು.

"ಅದೇನ್ ಮಾಡ್ತಿದ್ದೀಯೇ?"

"ಎಳ್ದು ನೋಡ್ತಿದ್ದೀನಿ ಅತ್ತೆ, ನೀವೇ ಯೋಳಿದ್ರಲ್ಲ."

ಅತ್ತೆ ಮೊರ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಗಿಡದ ಮಾತು ಎದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. "ಅದು ಗಂಟಲ್ಲ ಕಣೇ, ಬೇರು! ನೂಲೆಳೆಗಿಂತ ಸಣ್ಣುಕ್ ಬಂದಿರ್ತದೆ. ನೀ ದಿನಾ ಎಳ್ದೆಳ್ದು ಕಿತ್ತಾಕಿದ್ದೀಯ." ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದರು. "ಯಾರಿಗೇ ಇದೆಲ್ಲ?" ಎಂದರು. ನಾನು ಅತ್ತುಬಿಟ್ಟೆ. ಅವರು ಎದ್ದುಹೋಗಿ, ಗಿಡದಿಂದ ತಾವೇ ಏಳು ಕಡ್ಡಿ ಆರಿಸಿ ಕತ್ತರಿಸಿ ತಂದರು. ಇಬ್ಬರೂ ಕೂತು ಮೂರನೆಯ ಸಲ ನೆಟ್ಟೆವು.

ಆದರೂ ನನ್ನ ಕೈಯನ್ನು ನಾನು ನಂಬಿರಲಿಲ್ಲ. ನಂಬದಿದ್ದುದಕ್ಕೆ ಸರಿಯಾಗಿ ಮೂರೇ ದಿನಕ್ಕೆ ಆಷಾಢ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದು. ನನ್ನ ತಮ್ಮ ಗಾಡಿ ತಂದ, ನಾನು ಯಳಂದೂರಿಗೆ ಹೊರಟೆ. ತವರಿಗೆ ಹೋಗುವ ಹೆಣ್ಣು ಇಷ್ಟು ಸಪ್ಪಗಿರುವುದನ್ನು ತಾನು ಎಲ್ಲೂ ನೋಡಿಲ್ಲ ಎಂದು ದಾರಿಯುದ್ದಕ್ಕೂ ರೇಗಿಸಿದ. ಆ ಆಷಾಢವನ್ನು ಕಟ್ಟಳೆ ಮಾಡಿದ ಪುಣ್ಯಾತ್ಮರು ಹೊಸ ಮದುವಣಗಿತ್ತಿಯರ ಬಗ್ಗೆ ಏನು ಯೋಚಿಸಿದ್ದರೋ ಗೊತ್ತಿಲ್ಲ. ನನ್ನ ಏಳು ಕಡ್ಡಿಗಳಿಗಂತೂ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಿಲ್ಲ.

ಹದಿನೈದು ದಿನಕ್ಕೆ ತಡೆಯಲಾರದೆ ನಮ್ಮನೆಯವರಿಗೆ ಒಂದು ಕಾರ್ಡು ಬರೆದೆ. ಕರಟಗಳಿಗೆ ನೆರಳಿದೆಯೇ, ಮಣ್ಣು ಒದ್ದೆಯಿದೆಯೇ, ಚಿಗುರು ನಿಂತಿದೆಯೇ, ಯಾರಾದರೂ ಮುಟ್ಟಿದರೇ. ಉತ್ತರ ಬಂತು, ಎರಡು ಸಾಲು: "ನಿನ್ನ ಕಡ್ಡಿಗಳು ಕ್ಷೇಮ. ನೀನು ಕೇಳದಿದ್ದರೂ ತಿಳಿಸುತ್ತೇನೆ, ನಾನೂ ಕ್ಷೇಮ." ಅಪ್ಪ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ನಾಚಿಕೆಯಾಯಿತು. ಆ ಕಾರ್ಡು ಈಗಲೂ ನನ್ನ ಸೀರೆ ಪೆಟ್ಟಿಗೆಯಲ್ಲಿದೆ.

ಶ್ರಾವಣದಲ್ಲಿ ಹಿಂತಿರುಗಿ ಬಂದು, ಚೀಲ ಕೆಳಗಿಡದೆ ಹಿತ್ತಲಿಗೆ ಓಡಿದೆ. ಗಳದ ತುದಿಯಲ್ಲಿ ಗಿಡವಿರಲಿಲ್ಲ. ಹೊಸದಾಗಿ ಮುಚ್ಚಿದ ಮಣ್ಣು, ಅದರ ಮೇಲೆ ಕೋಳಿ ಕೆದಕಿದ ಗುರುತು. ಮಾವ ಆಡಿದ ಮಾತು ನಡೆಸಿದ್ದರು. ಬಚ್ಚಲ ಹಿಂದೆ ಹೋದರೆ ಏಳರಲ್ಲಿ ನಾಲ್ಕು ಒಣಗಿದ್ದವು, ಮೂರರಲ್ಲಿ ಎಲೆಯಿತ್ತು. ಎಲೆ ಕಂಡು ಹಿಗ್ಗಬೇಡ ಎಂದು ಸಿದ್ದಮ್ಮ ಮೊದಲೇ ಎಚ್ಚರಿಸಿದ್ದಳು, ಕಡ್ಡಿ ತನ್ನೊಳಗಿನ ರಸ ಕುಡಿದೇ ನಾಲ್ಕು ಎಲೆ ಬಿಟ್ಟು ಮೋಸ ಮಾಡುತ್ತದೆ. ಎಳೆದು ನೋಡುವ ಹಾಗಿಲ್ಲ. ಹಾಗಾದರೆ ತಿಳಿಯುವುದು ಹೇಗೆ?

ಅತ್ತೆ ಒಂದು ಕರಟವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ, ನನ್ನ ಕಣ್ಣಿಗಿಂತ ಮೇಲೆ ಹಿಡಿದರು. "ಬುಡ ನೋಡು" ಎಂದರು.

ಕರಟದ ಕಣ್ಣಿನಿಂದ ಒಂದು ಬಿಳಿಯ ಬೇರು ಇಳಿದಿತ್ತು. ಬೆರಳ ಗೆಣ್ಣಿನಷ್ಟು ಉದ್ದ, ಗೂಡಿನಿಂದ ಆಗ ತಾನೆ ಬಿಚ್ಚಿದ ರೇಷ್ಮೆಯ ಎಳೆಯ ಹಾಗೆ. ನನ್ನ ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ತಾವೇ ಆ ಎಳೆಯ ಕಡೆ ಹೋದವು. ಅತ್ತೆ ನನ್ನ ಕೈಗೆ ಫಟ್ಟನೆ ಹೊಡೆದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವರ ಕಣ್ಣಲ್ಲಿ ನೀರು ಬಂತು. "ಸತ್ತೇಗಾಲ ಉಳ್ಕತು ಕಣೇ" ಎಂದರು.

ನೆಡುವುದೆಲ್ಲಿ? ಬೀದಿಯ ಕಡೆ ನೆಟ್ಟರೆ ಅಲ್ಲಿ ಹಾಸು ಹರಡುತ್ತಾರೆ. ಹಿತ್ತಲಿನ ಮಾತೆತ್ತುವ ಧೈರ್ಯ ನಮ್ಮಿಬ್ಬರಿಗೂ ಇಲ್ಲ. ಮಗ್ಗದ ಗುಂಡಿಯಿಂದ ಎದ್ದು ಬೆನ್ನು ನೀವಿಕೊಳ್ಳುತ್ತ ಬಂದ ಮಾವ, ನಾವಿಬ್ಬರೂ ಕರಟ ಹಿಡಿದು ನಿಂತಿದ್ದನ್ನು ನೋಡಿದರು. ಕರಟ ನೋಡಿದರು, ಗಳ ನೋಡಿದರು, ಒಂದು ತುಂಡು ನೂಲು ಬೆರಳ ತುದಿಯಲ್ಲಿ ಹಿಡಿದು ಗಾಳಿ ಎತ್ತ ಎಳೆಯುತ್ತದೆಂದು ನೋಡಿದರು.

"ಗಾಳಿ ಪಡುವಲಿಂದ ಬತ್ತದೆ. ಲಡಿ ಹಾರೋದು ಮೂಡ್ಲಕ್ಕೆ. ಗಳದ ಪಡುವಲ್ ತುದೀಲಿ ನೆಟ್ಕಳಿ, ನೂಲಿನ್ ತಂಟೆ ಇರಲ್ಲ."

"ಇದ ಯೋಳಕ್ಕೆ ಮೂವತ್ತೊರ್ಸ ಬೇಕಾಯ್ತಾ?" ಎಂದರು ಅತ್ತೆ. ಮಾವ ಒಳಗೆ ಹೋದರು. ಒಂದು ಗಳಿಗೆಗೆ ಮಗ್ಗದ ಸದ್ದು ಕೇಳಿಸಿತು, ಎಂದಿಗಿಂತ ಜೋರಾಗಿ.

ಮೋಡ ಕವಿದ ಒಂದು ಸಂಜೆ ಸಿದ್ದಮ್ಮನೇ ನಿಂತು ನೆಡಿಸಿದಳು. ಗಿಡವನ್ನು ಕರಟದಿಂದ ಎಳೆಯಲಿಲ್ಲ, ಕರಟವನ್ನೇ ಕಲ್ಲಿನಿಂದ ಮೆಲ್ಲಗೆ ಬಡಿದು ಒಡೆದು, ಮಣ್ಣಿನ ಹೆಂಟೆಯ ಸಮೇತ ಗುಂಡಿಗೆ ಇಳಿಸಿದೆವು. ಹರಳೆಲೆ ಮುಚ್ಚಿ ವಾರದ ಮಟ್ಟಿಗೆ ನೆರಳು ಮಾಡಿದೆವು. ದಿನಕ್ಕಿಷ್ಟು ಎಂದು ಬಿಸಿಲಿಗೆ ಒಗ್ಗಿಸಿದೆವು. ಮೊದಲ ಮೊಗ್ಗನ್ನು ಚಿವುಟಿಬಿಡಿ, ಇಲ್ಲದಿದ್ದರೆ ಗಿಡ ಸೊರಗುತ್ತದೆ ಎಂದು ಹೇಳಿಹೋಗಿದ್ದಳು ಸಿದ್ದಮ್ಮ. ಅತ್ತೆ ಆ ಮೊಗ್ಗಿನ ಸುತ್ತ ಎರಡು ದಿನ ಸುಳಿದಾಡಿದರು. ಮೂರನೆಯ ದಿನ ಚಿವುಟಿ, ಅರಳದ ಮೊಗ್ಗನ್ನೇ ಬರೀ ತುರುಬಿಗೆ ಸಿಕ್ಕಿಸಿಕೊಂಡರು. ದೇವರಿಗೆ ಆ ದಿನ ಬರೀ ತುಳಸಿ.

ಉಳಿದ ಎರಡರಲ್ಲಿ ಒಂದು ಸಿದ್ದಮ್ಮನ ಪಾಲಾಯಿತು. ಇನ್ನೊಂದನ್ನು ಅತ್ತೆ ಗೌರಿ ಹಬ್ಬಕ್ಕೆ ತವರಿಗೆ ಹೊರಟ ನನ್ನ ಮಡಿಲಲ್ಲಿಟ್ಟರು. "ನಿಮ್ಮವ್ವನ್ ಮನೇಲಿ ನೆಡು. ನಡೂಕಿನ್ ಕಣ್ಣಿದ್ದಂಗೆ ಅಲ್ಲೊಂದಿರ್ಲಿ" ಎಂದರು. ಮುಂದೆ ಆ ಮಾತು ನಿಜವಾಯಿತು. ಗಡಿ ಹೋಗಿ ಎರಡೂ ಊರು ಒಂದೇ ಸೀಮೆಯಾದ ಮೇಲೆ ಒಂದು ಬೇಸಿಗೆ ನಮ್ಮ ಹಿತ್ತಲಿನ ಗಿಡಕ್ಕೆ ಗೆದ್ದಲು ಹತ್ತಿ ಸತ್ತುಹೋಯಿತು. ಅತ್ತೆ ಅಳಲೂ ಇಲ್ಲ, ಗಾಬರಿಯೂ ಆಗಲಿಲ್ಲ. "ಯಳಂದೂರಿಂದ ತಕಂಡ್ ಬಾ" ಎಂದರು, ನೆರೆಮನೆಗೆ ಕೊಟ್ಟ ಪಾತ್ರೆ ತರಲು ಹೇಳುವ ಹಾಗೆ. ಹೋಗಿ ತಂದೆ. ಈಗ ನನ್ನ ಅಂಗಳದಲ್ಲಿರುವುದು ಅದೇ. ಅದರ ಮಗಳಲ್ಲ, ಮೊಮ್ಮಗಳಲ್ಲ. ಬೀಜದಿಂದ ಬಂದದ್ದಾದರೆ ಹಾಗೆನ್ನಬಹುದಿತ್ತು. ಕಡ್ಡಿಯಿಂದ ಕಡ್ಡಿಗೆ ಬಂದದ್ದು ಆ ಗಿಡವೇ, ಅತ್ತೆಯ ಅಪ್ಪ ಬಾಳೆಪಟ್ಟೆಯಲ್ಲಿ ಸುತ್ತಿಕೊಟ್ಟದ್ದೇ.

ಇಷ್ಟು ಬರೆದು ಮುಗಿಸುವಷ್ಟರಲ್ಲಿ ನನಗೆ ನನ್ನ ಮೇಲೇ ಸಿಟ್ಟು ಬಂದಿದೆ. ಅತ್ತೆ ಕೊಟ್ಟು ಉಳಿಸಿದ್ದನ್ನು ನಾನು ಬಚ್ಚಿಟ್ಟು ಉಳಿಸಲು ಹೊರಟಿದ್ದೆನಲ್ಲ. ಇದು ನಾಲ್ಕು ಕಡೆ ಇರಬೇಕಾದದ್ದು, ಇಷ್ಟು ವರ್ಷ ನನ್ನ ಅಂಗಳವೊಂದರಲ್ಲೇ ಉಳಿದುಬಿಟ್ಟಿದೆ. ಯಳಂದೂರಿನ ಮನೆಯೂ ಈಗ ನಮ್ಮದಲ್ಲ. ಸಿದ್ದಮ್ಮನ ಗಿಡ ಏನಾಯಿತೆಂದು ಹೇಳುವವರೂ ಇಲ್ಲ.

ಉಳಿದದ್ದನ್ನು ರಾತ್ರಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನವೇ ಹೋಗಿ ಮೂರು ಒಳ್ಳೆಯ ಕಡ್ಡಿ ಕತ್ತರಿಸಿದೆ, ಪ್ರತಿಯೊಂದಕ್ಕೂ ಮೂರು ಕಣ್ಣು ಎಣಿಸಿ. ಬೆಳಿಗ್ಗೆ ಮೋಸದಿಂದ ಕತ್ತರಿಸಿದ ಆ ಕಡ್ಡಿಯನ್ನು ನನಗೇ ಇಟ್ಟುಕೊಂಡೆ, ಅದನ್ನು ನಾನೇ ಬದುಕಿಸಬೇಕು. ಸಂಜೆ ಮಂಜುಳ ಬಂದಾಗ ಕರಟಗಳು ತಯಾರಾಗಿದ್ದವು. ಕಣ್ಣು ಮೇಲಿರಲಿ, ನೆರಳಲ್ಲಿಡು, ಬೇರು ಕರಟದ ಕಣ್ಣಲ್ಲಿ ಕಾಣುವವರೆಗೆ ಏನಾದರೂ ಆಗಲಿ ಎಳೆಯಬೇಡ ಎಂದೆ. ಅವಳು ಎಲ್ಲದಕ್ಕೂ ತಲೆಯಾಡಿಸಿ, ಬುಟ್ಟಿಯಲ್ಲಿ ಕರಟಗಳನ್ನು ಜೋಡಿಸಿಕೊಂಡು, ಹೊಸಿಲ ಹತ್ತಿರ ನಿಂತು ತಿರುಗಿದಳು.

"ಅಜ್ಜಿ, ಮೂರೂ ಸತ್ತೋದ್ರೆ?"

"ಸತ್ರೆ ಬಾ, ಇಲ್ಲಿ ಗಿಡ ಅದೆ" ಎಂದೆ. "ಇಲ್ಲಿದು ಸತ್ರೆ ನಾನು ಹನೂರಿಗೆ ಬತ್ತೀನಿ."